ಹಗ್ಗದ ಸಮೇತ ಬಂದ ಎಮ್ಮೆ

ಜಗಳೂರಿನಲ್ಲಿ ಮಿಲ್ಟ್ರಿ ಮಾರಪ್ಪ ಎಂದರೆ ಗೊತ್ತಿಲ್ಲದವರು ಇರಲಿಲ್ಲ. ಅವನು ಮಿಲ್ಟ್ರಿಗೆ ಸೇರಿದವನಲ್ಲ. ನಲವತ್ತೆಂಟನೇ ಇಸವಿಯಲ್ಲಿ ಹೈದರಾಬಾದಿನ ನಿಜಾಮ ತನ್ನ ಸೀಮೆಯನ್ನು ಹಿಂದೂಸ್ಥಾನಕ್ಕೆ ಸೇರಿಸುವುದಿಲ್ಲ ಎಂದು ಕೂತಿದ್ದನಲ್ಲ, ಆಗ ದಿಲ್ಲಿಯ ಸೈನ್ಯ ಹೊಳೆ ದಾಟಿ ಹೋಗಿ ಐದು ದಿನದಲ್ಲಿ ಸೇರಿಸಿಕೊಂಡು ಬಂತು. ಹೊಸಪೇಟೆಯ ಹತ್ತಿರ ಬೀಡು ಬಿಟ್ಟಿದ್ದ ಆ ಸೈನ್ಯಕ್ಕೆ ಅಕ್ಕಿ ಬೇಳೆ ಸಾಗಿಸುವುದಕ್ಕೆ ಗಾಡಿಗಳು ಬೇಕಾದವು. ನಮ್ಮ ಗೌಡರೂ ಒಂದು ಗಾಡಿ ಕಳಿಸಿದರು. ಗಾಡಿ ಗೌಡರದು, ಎತ್ತು ಗೌಡರವು, ಬಾರುಕೋಲು ಮಾತ್ರ ಮಾರಪ್ಪನದು. ಅವನು ಬಂದೂಕವನ್ನು ನೋಡಿದ್ದ, ಮುಟ್ಟಿರಲಿಲ್ಲ. ಆದರೆ ವಾಪಸ್ ಬರುವಾಗ ಗಾಡಿಯ ಹಿಂದೆ ಒಂದು ಎಮ್ಮೆ ಬಂತು. ಮಿಲ್ಟ್ರಿ ಎಂಬ ಹೆಸರನ್ನು ಊರಿನವರು ಇಟ್ಟದ್ದು ಆ ಎಮ್ಮೆಯನ್ನು ನೋಡಿ.

ಹೆಸರು ಮಾರಪ್ಪನಿಗೆ ಬಂತು, ಎಮ್ಮೆ ಅವನ ಹೆಂಡತಿ ಸುಂಕಲಮ್ಮನ ಪಾಲಿಗೆ ಬಂತು. ಆಗ ಅವಳ ಮೊದಲ ಮಗ ಓಬಣ್ಣ ಇನ್ನೂ ಮೊಲೆಯ ಕೂಸು. ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡೇ ಅವಳು ಎಮ್ಮೆಯನ್ನು ಒಂದು ಸುತ್ತು ಹಾಕಿ ನೋಡಿದಳು.

"ಯಾರ್ದು ಇದು?"

"ಚಿಲಕನಾಳದ್ದು. ಹೊಳೆ ಆಚೆ ಊರು."

"ಹೆಂಗೆ ಬಂತು?"

"ಒಬ್ಬಾಕೆ ಕೊಟ್ಲು. ಪಿಂಜಾರರಾಕೆ."

ಪಿಂಜಾರರು ಎಂದರೆ ಹತ್ತಿ ಹಿಂಜಿ ಗಾದಿ ಮಾಡುವ ಸಾಬರು. ಅವರು ಎಮ್ಮೆ ಕಟ್ಟುವುದು ಸುಂಕಲಮ್ಮನಿಗೆ ಗೊತ್ತಿತ್ತು, ಗಾಡಿ ಹೊಡೆಯುವವನನ್ನು ಕರೆದು ಎಮ್ಮೆ ಕೊಡುವುದು ಗೊತ್ತಿರಲಿಲ್ಲ.

"ಯಾಕೆ ಕೊಟ್ಲು?"

ಮಾರಪ್ಪ ಕಾಲು ತೊಳೆಯಲು ಹಿತ್ತಲಿಗೆ ಹೋದ. ಆಮೇಲೆ ಮೂವತ್ತು ವರ್ಷದಲ್ಲಿ ಅವಳು ಈ ಮಾತನ್ನು ಹಲವು ಸಲ ಕೇಳಿದಳು. ಅವನು ಹಲವು ಸಲ ಕಾಲು ತೊಳೆದ.

ಕೇಳುವುದಕ್ಕೆ ಕಾರಣ ಇತ್ತು. ಸೈನ್ಯ ಹೋದ ಹಿಂದೆಯೇ ಹೊಳೆಯಾಚೆಯ ಊರುಗಳಲ್ಲಿ ಸಾಬರ ಮನೆಗಳನ್ನು ದೋಚಿದರು ಎಂಬ ಸುದ್ದಿ ಈ ಕಡೆಗೂ ಬಂದಿತ್ತು. ಸುದ್ದಿ ಮಾತ್ರವಲ್ಲ, ಸಾಮಾನೂ ಬಂದಿತ್ತು. ಒಬ್ಬನ ಗಾಡಿಯಲ್ಲಿ ತಾಮ್ರದ ಹಂಡೆ, ಇನ್ನೊಬ್ಬನ ಗಾಡಿಯಲ್ಲಿ ಚೌಕಟ್ಟಿನ ಸಮೇತ ಒಂದು ಬಾಗಿಲು. ಆ ಬಾಗಿಲು ತಂದವನ ಮನೆಗೆ ಅದು ದೊಡ್ಡದಾಗಿ, ಗೋಡೆ ಒಡೆದು ಕೂಡಿಸಬೇಕಾಯಿತು. ಮಾರಪ್ಪನ ಎಮ್ಮೆಯನ್ನೂ ಜನ ಆ ಲೆಕ್ಕಕ್ಕೇ ಸೇರಿಸಿದರು.

ಸುಂಕಲಮ್ಮ ಸೇರಿಸಲಿಲ್ಲ. ಅವಳು ಎಮ್ಮೆಯ ಕೊರಳಿನ ಹಗ್ಗ ನೋಡಿದಳು.

ನಮ್ಮ ಕಡೆ ದನ ಮಾರಿದರೆ ಹಗ್ಗ ಮಾರುವುದಿಲ್ಲ. ಕೊಳ್ಳುವವನು ತನ್ನ ಹಗ್ಗ ತರಬೇಕು. ಮಾರಿದವನು ತನ್ನದನ್ನು ಬಿಚ್ಚಿಕೊಂಡು ಮನೆಗೆ ಒಯ್ದು ಗೂಟಕ್ಕೆ ಸಿಕ್ಕಿಸುತ್ತಾನೆ. ಹಗ್ಗ ಹೋದರೆ ಅದರ ಹಿಂದೆ ಕೊಟ್ಟಿಗೆಯ ಲಕ್ಷ್ಮಿಯೂ ಹೋಗುತ್ತಾಳೆ ಎಂದು ಲೆಕ್ಕ. ಪಾಲಿಗೆ ಕೊಟ್ಟಾಗ ಮಾತ್ರ ದನ ಹಗ್ಗದ ಸಮೇತ ಹೋಗುತ್ತದೆ, ಯಾಕೆಂದರೆ ಅದು ಇನ್ನೂ ಕೊಟ್ಟವರದೇ. ಸಾಕುವವರಿಗೆ ಹಾಲು, ಕರು ಹಾಕಿದರೆ ಒಂದು ಸಾಕಿದವರಿಗೆ, ಒಂದು ಒಡೆಯರಿಗೆ.

ಈ ಹಗ್ಗ ಪುಂಡಿ ನಾರಿನದು, ಹುರಿಯ ನಡುವೆ ಒಂದೆಳೆ ಕೆಂಪು ಅರಿವೆ ಸೇರಿಸಿ ಹೊಸೆದಿತ್ತು. ಎರಡು ತುದಿಯೂ ನೆಟ್ಟಗಿದ್ದವು. ಗೂಟಕ್ಕೆ ಹಾಕುವ ಕುಣಿಕೆ ಕೂಡ ಹಾಗೇ ಇತ್ತು. ಲೂಟಿ ಮಾಡುವವನು ಗೂಟದ ಮುಂದೆ ಕೂತು ಕುಣಿಕೆ ಸಡಿಲಿಸುವುದಿಲ್ಲ, ಕುಡುಗೋಲು ಹಾಕುತ್ತಾನೆ. ಆದ್ದರಿಂದ ಇದು ಲೂಟಿಯದಲ್ಲ. ಹಗ್ಗ ಬಂದಿದೆ, ಆದ್ದರಿಂದ ಕೊಂಡದ್ದೂ ಅಲ್ಲ. ಉಳಿದದ್ದು ಒಂದೇ.

"ಪಾಲಿಗೆ ಕೊಟ್ಟಾಳೆ," ಎಂದಳು ಸುಂಕಲಮ್ಮ.

ಮಾರಪ್ಪ ಅವಳ ಮುಖ ನೋಡಿದ. "ಹೂಂ," ಎಂದ.

ಆವತ್ತಿನಿಂದ ಪಾಲು ಶುರುವಾಯಿತು. ಕೊರಳಿಗೆ ಬೇರೆ ಹಗ್ಗ ಹಾಕಿ, ಬಂದ ಹಗ್ಗವನ್ನು ಅವಳು ಸುರುಳಿ ಸುತ್ತಿ ಅಟ್ಟದ ಮೊಳೆಗೆ ನೇತುಹಾಕಿದಳು. ಮೊದಲ ಕರು ಸಾಕಿದವರದು, ಅದಕ್ಕೆ ಗೌರಿ ಎಂದು ಹೆಸರಿಟ್ಟಳು. ಎರಡನೆಯದು ಪಿಂಜಾರರಾಕೆಯದು. ಆಕೆಯ ಹೆಸರು ಮಾರಪ್ಪನಿಗೂ ಗೊತ್ತಿರಲಿಲ್ಲವಾದ್ದರಿಂದ ಅದು ಬೀಬಿ ಆಯಿತು. ಗೌರಿಯ ಹೊಟ್ಟೆಯಲ್ಲಿ ಹುಟ್ಟಿದ್ದೆಲ್ಲ ಗೌರಿ, ಬೀಬಿಯ ಹೊಟ್ಟೆಯಲ್ಲಿ ಹುಟ್ಟಿದ್ದರಲ್ಲಿ ಒಂದು ಗೌರಿ, ಒಂದು ಬೀಬಿ. ಕೇಳುವವರಿಗೆ ತಲೆ ತಿರುಗುತ್ತಿತ್ತು, ಸುಂಕಲಮ್ಮನಿಗೆ ತಿರುಗಲಿಲ್ಲ.

ಎಮ್ಮೆ ಯಾರದು ಎಂದು ನೋಡಿ ಹಾಲು ಕೊಡುವುದಿಲ್ಲ. ಬೀಬಿಯರು ಕೊಡ ತುಂಬ ಕೊಡುತ್ತಿದ್ದರು, ಗೌರಿಯರು ಒದೆಯುತ್ತಿದ್ದರು. ಮಗಳು ಗಿಡ್ಡಮ್ಮನನ್ನು ನ್ಯಾಮತಿಗೆ ಕೊಟ್ಟಾಗ ಬೀಗರು ಹಾಲು ಕರೆಯುವ ಒಂದು ಎಮ್ಮೆ ಕೇಳಿದರು. ಕೊಟ್ಟಿಗೆಯಲ್ಲಿ ಆಗತಾನೇ ಈದ ಬೀಬಿಯೊಂದು ನಿಂತಿತ್ತು, ಮೈಗೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಸುಂಕಲಮ್ಮ ಅದರ ಪಕ್ಕದ ಗೌರಿಯನ್ನು ಬಿಚ್ಚಿ ಕೊಟ್ಟಳು. ಗಿಡ್ಡಮ್ಮನ ಅತ್ತೆ ಬಂಗಾರಮ್ಮ ಹತ್ತು ವರ್ಷ ಆ ಗೌರಿಯ ಒದೆ ತಿಂದಳು, ಗಿಡ್ಡಮ್ಮ ಹತ್ತು ವರ್ಷ ಬಂಗಾರಮ್ಮನ ಮಾತು ತಿಂದಳು.

ಸೊಸೆ ಅಂತರಘಟ್ಟಮ್ಮ ಚನ್ನಗಿರಿ ಕಡೆಯ ತ್ಯಾವಣಿಗೆಯವಳು. ಬಂದ ಮರುದಿನವೇ ಕೊಟ್ಟಿಗೆ ಬಾಗಿಲಲ್ಲಿ ನಿಂತು ಕೇಳಿದಳು.

"ಅತ್ತೇ, ಇದ್ರಲ್ಲಿ ನಮ್ಮವು ಯಾವ್ಯಾವು?"

"ಒದೆಯೋವೆಲ್ಲ ನಮ್ಮವು."

"ಹಂಗಾದ್ರೆ ಸಗಣಿ?"

"ಸಗಣಿ ಎಲ್ಲಾದೂ ನಮ್ದೇ ಕಣವ್ವ, ಬಾಚು."

ಎಮ್ಮೆ ಬಂದ ಹೊಸತರಲ್ಲಿ ಸುಂಕಲಮ್ಮ ಮಾರಪ್ಪನನ್ನು ಒಂದೆರಡು ಸಲ ಚಿಲಕನಾಳಕ್ಕೆ ಹೊರಡಿಸಲು ನೋಡಿದ್ದಳು. ಅವನು ಹೋಗೋಣ ಎನ್ನುತ್ತಿದ್ದ, ಹೋಗುತ್ತಿರಲಿಲ್ಲ. ಅಷ್ಟರಲ್ಲಿ ಹೊಸಪೇಟೆಯ ಹತ್ತಿರ ಹೊಳೆಗೆ ಅಣೆಕಟ್ಟು ಕಟ್ಟಿ, ಆಚೆ ದಡದ ಹಳ್ಳಿಗಳು ನೀರಿನೊಳಗೆ ಹೋದವು. ಚಿಲಕನಾಳವೂ ಹೋಯಿತು. "ಊರೇ ಇಲ್ಲ, ಎಲ್ಲಿಗೆ ಹೋಗ್ಲಿ?" ಎಂದ ಮಾರಪ್ಪ. ಅವನ ಮುಖದಲ್ಲಿ ದುಃಖ ಕಾಣಲಿಲ್ಲ ಎಂದು ಸುಂಕಲಮ್ಮ ಆಗಲೇ ಗಮನಿಸಿದ್ದಳು. ಅಣೆಕಟ್ಟು ತನಗೋಸ್ಕರವೇ ಕಟ್ಟಿಸಿದ ಹಾಗೆ ಇದ್ದ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಮಾರಪ್ಪ ತೀರಿಕೊಂಡ. ಹನ್ನೊಂದನೆಯ ದಿನದ ಊಟಕ್ಕೆ ಬಸ್ ಸ್ಟ್ಯಾಂಡಿನ ಹೋಟೆಲಿನ ಕೊಟ್ರಬಸಪ್ಪನವರು ಬಂದಿದ್ದರು. ಸುಂಕಲಮ್ಮ ಅವರ ಹೋಟೆಲಿಗೇ ಹಾಲು ಹಾಕುತ್ತಿದ್ದಳು. ಅವರು ಗಿರಾಕಿಗಳಿಗೆ, "ಲೂಟಿ ಹಾಲಿನ ಚಾ, ಗಟ್ಟಿ ಇರ್ತೈತೆ, ಕುಡೀರಿ," ಎಂದು ಹೇಳುವುದು ವಾಡಿಕೆ. ಅದರಲ್ಲಿ ಅವರಿಗೆ ಕೆಟ್ಟ ಮನಸ್ಸಿರಲಿಲ್ಲ, ಚಾ ಖರ್ಚಾಗುತ್ತಿತ್ತು. ಆ ದಿನ ಎಲೆಯ ಮುಂದೆ ಕೂತು ಅವರು ಒಂದು ನಿಟ್ಟುಸಿರು ಬಿಟ್ಟರು.

"ನಿಜಾಮ ಹೋದ, ಮಿಲ್ಟ್ರಿ ಮಾರಪ್ಪನೂ ಹೋದ. ಲೂಟಿ ಎಮ್ಮೆ ಮಾತ್ರ ಉಳಿದ್ವು ನೋಡ್ರಿ."

ಪಂಕ್ತಿಯಲ್ಲಿ ನಾಲ್ಕು ಜನ ನಕ್ಕರು. ಒಳಗಿನಿಂದ ಸಾರು ತರುತ್ತಿದ್ದ ಬಂಗಾರಮ್ಮ ನಿಂತುಬಿಟ್ಟಳು. ಅವಳು ಆ ಮಾತು ಕೇಳಿದ್ದು ಅದೇ ಮೊದಲು.

ಊಟ ಮುಗಿದ ಮೇಲೆ ಗಿಡ್ಡಮ್ಮ ತಾಯಿಯನ್ನು ಕೊಟ್ಟಿಗೆಗೆ ಕರೆದಳು.

"ಅವ್ವಾ, ಇಷ್ಟು ದಿನ ಒದೆಯೋ ಎಮ್ಮೆ ಕೊಟ್ಟು ಕಳ್ಸಿದ್ರು ಅಂತಿದ್ಲು ನಮ್ಮತ್ತೆ. ಇನ್ಮ್ಯಾಲೆ ಲೂಟಿ ಎಮ್ಮೆ ಕೊಟ್ಟು ಕಳ್ಸಿದ್ರು ಅಂತಾಳೆ. ನಾನು ಯಾವ್ದನ್ನ ಹೊರ್ಲಿ? ಅಪ್ಪ ಕದ್ದಿದ್ನೋ ಇಲ್ವೋ, ಅದೊಂದು ಹೇಳು."

"ಗೊತ್ತಿದ್ದೋನು ಹೋದ್ನಲ್ಲವ್ವ."

"ಇನ್ನೊಬ್ಬಾಕೆಗೆ ಗೊತ್ತೈತಲ್ಲ. ಎಮ್ಮೆಯಾಕೆಗೆ."

ಸುಂಕಲಮ್ಮ ಅಟ್ಟದ ಕಡೆ ನೋಡಿದಳು. ಹಗ್ಗ ತನಗೆ ಎಲ್ಲವನ್ನೂ ಹೇಳಿದೆ ಎಂದು ಮೂವತ್ತು ವರ್ಷ ನಂಬಿದ್ದಳು. ಈಗ ಗಂಡನಿಲ್ಲದ ಮನೆಯಲ್ಲಿ ಆ ಹಗ್ಗ ಬರೀ ಹಗ್ಗದ ಹಾಗೆ ಕಂಡಿತು. ಕುಣಿಕೆ ಸಡಿಲಿಸುವಷ್ಟು ಪುರುಸೊತ್ತಿದ್ದ ಕಳ್ಳನೂ ಇರಬಹುದು. ಮಾರಪ್ಪನಿಗೆ ಯಾವ ಕೆಲಸದಲ್ಲೂ ಅವಸರ ಇರಲಿಲ್ಲ.

ಆ ಮಳೆಗಾಲದಲ್ಲಿ ಹೊನ್ನಾಳಿಯ ಎಮ್ಮೆ ದಲ್ಲಾಳಿ ಯರ್ರಿಸ್ವಾಮಿ ಬಂದು ದೊಡ್ಡ ಬೀಬಿಗೆ ಒಳ್ಳೆಯ ಬೆಲೆ ಹೇಳಿದ. ಓಬಣ್ಣನಿಗೆ ಮನಸ್ಸಿತ್ತು. ಅವನು ರಸ್ತೆ ಕೆಲಸದ ಗ್ಯಾಂಗಿನಲ್ಲಿ ಇದ್ದ, ನೆಟ್ಟಗೆ ಮಾತಾಡುವವನು.

"ಅವ್ವಾ, ಒಡೆಯಳು ಬರಲ್ಲ. ಇದ್ದಾಳೋ ಇಲ್ವೋ."

"ಇದ್ರೆ?"

"ಇದ್ರೂ ಬರಲ್ಲ."

"ಆಕೆ ಬರದಿದ್ರೆ ನಾವೇ ಹೋಗಾನ. ಗೌರಿ ಹಬ್ಬ ಕಳೀಲಿ."

ಯರ್ರಿಸ್ವಾಮಿ ತಾನು ತಂದಿದ್ದ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಹೊನ್ನಾಳಿಗೆ ವಾಪಸ್ ಹೋದ.

ತಾಯಿ ಮಗ ಕೊಟ್ಟೂರಿನ ಮೇಲೆ ಹೊಸಪೇಟೆಗೆ ಹೋಗಿ, ಅಲ್ಲಿಂದ ಹೊಳೆಯಾಚೆಗೆ ಹೋಗುವ ಬಸ್ಸು ಹಿಡಿದರು. ಸುಂಕಲಮ್ಮನ ಕೈಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಆ ಹಗ್ಗ. ಕಿಟಕಿಯಿಂದ ಅಣೆಕಟ್ಟಿನ ನೀರು ಕಂಡಿತು. ಆಚೆ ದಡ ಕಾಣಲಿಲ್ಲ. ಇದರೊಳಗೆ ಚಿಲಕನಾಳದ ಗೂಟವೂ ಇದೆ ಎಂದುಕೊಂಡಳು.

ಮುಳುಗಿದ ಊರಿನವರಿಗೆ ಸರ್ಕಾರ ದಿಬ್ಬದ ಮೇಲೆ ಜಾಗ ಕೊಟ್ಟಿತ್ತು, ಅದಕ್ಕೆ ಹೊಸ ಚಿಲಕನಾಳ ಎಂದು ಹೆಸರು. ಹೊಸದಾಗಿ ಇಪ್ಪತ್ತೈದು ವರ್ಷವಾದ್ದರಿಂದ ಅದೂ ಹಳೆಯದಾಗಿತ್ತು. ಬೇವಿನ ಮರದ ಕೆಳಗೆ ಕೂತಿದ್ದ ಒಬ್ಬ ಮುದುಕ ಅವರನ್ನು ತಡೆದ.

"ಯಾರ್ ಬೇಕಾಗಿತ್ರಿ?"

"ಪಿಂಜಾರರ ಮನೆ," ಎಂದ ಓಬಣ್ಣ. "ನಿಜಾಮನ ಗಲಾಟೆ ಟೈಮಲ್ಲಿ ಇದ್ದೋರು."

"ಗಲಾಟಿ ಟೈಮಿನ್ಯಾಗ ಎಲ್ಲಾರೂ ಇದ್ರು. ಹೋರಾಟ ಮಾಡಿದ್ರ ಪಿಂಚಣಿ ಕೊಡ್ತಾರಂತ ಸುದ್ದಿ ಆದಮ್ಯಾಲ ಇಲ್ಲದವರೂ ಇದ್ರು. ನೀವು ಅದರ ಕಡೆಯವರೇನು?"

"ಅಲ್ಲ, ಎಮ್ಮೆ ಕಡೆಯೋರು."

ಮುದುಕ ಕೊನೆಯ ಸಾಲಿನ ತುದಿಯ ಮನೆ ತೋರಿಸಿದ. "ಆಕಿ ಖಾಸೀಂಬಿ. ಎಮ್ಮಿ ಸುದ್ದಿ ತಗದ್ರ ಬೈತಾಳ, ನೋಡ್ರಿ."

ಖಾಸೀಂಬಿ ಅಂಗಳದಲ್ಲಿ ಗಾದಿಯ ಹತ್ತಿ ಬಿಸಿಲಿಗೆ ಹರವುತ್ತಿದ್ದಳು. ಸುಂಕಲಮ್ಮನಿಗಿಂತ ನಾಲ್ಕೈದು ವರ್ಷ ದೊಡ್ಡವಳು, ಒಣಗಿದ ಮೈ, ಕಣ್ಣು ಚುರುಕು. ಮನೆಯ ಪಕ್ಕದಲ್ಲಿ ದನ ಕಟ್ಟುವ ಚಪ್ಪರ ಇತ್ತು, ದನ ಇರಲಿಲ್ಲ. ಸುಂಕಲಮ್ಮ ಏನು ಹೇಳಬೇಕೆಂದು ಬಸ್ಸಿನಲ್ಲೆಲ್ಲ ಜೋಡಿಸಿಕೊಂಡು ಬಂದಿದ್ದಳು. ಅದು ಯಾವುದೂ ಬಾಯಿಗೆ ಬರಲಿಲ್ಲ. ಚೀಲದಿಂದ ಹಗ್ಗ ತೆಗೆದು ಕೊಟ್ಟಳು.

ಖಾಸೀಂಬಿ ಅದನ್ನು ಬಿಚ್ಚಿ, ಬೆರಳಿನಿಂದ ಹುರಿ ತಿರುವಿ, ಒಳಗಿನ ಕೆಂಪು ಎಳೆ ನೋಡಿದಳು. ಆಮೇಲೆ ಇವರ ಮುಖ ನೋಡಿದಳು.

"ಇದು ನಮ್ಮನಿ ಹಗ್ಗ. ನಮ್ಮ ಮನಿಯವರು ಹೊಸೆದದ್ದು."

"ಹೌದಕ್ಕ. ಎಮ್ಮೆನೂ ಐತೆ. ಅಂದ್ರೆ ಅದಲ್ಲ, ಅದ್ರ ಮೊಮ್ಮಕ್ಳು."

"ನೀ ಯಾರವ್ವ?"

"ಗಾಡಿ ಹೊಡ್ಕೊಂಡು ಬಂದಿದ್ನಲ್ಲ, ಜಗಳೂರು ಮಾರಪ್ಪ, ಅವನ ಮನೆಯಾಕೆ. ಇವನು ಮಗ. ನಿಮ್ಮ ಪಾಲಿನವು ಈಗ ಮೂರು ಅವೆ, ಒಳ್ಳೆ ಮೈಕಟ್ಟು."

"ದೊಡ್ಡ ಬೀಬಿ ಗಬ್ಬ ಐತೆ," ಎಂದ ಓಬಣ್ಣ, ತಾನೂ ಒಂದು ಮಾತು ಸೇರಿಸೋಣ ಎಂದು.

"ಯಾರು?"

ಓಬಣ್ಣ ಹತ್ತಿಯ ಕಡೆ ನೋಡಿದ. ಸುಂಕಲಮ್ಮ ಹೆಸರಿನ ವಿಚಾರ ಬಿಡಿಸಿ ಹೇಳಬೇಕಾಯಿತು. ಖಾಸೀಂಬಿ ಕೇಳಿ ಮುಗಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಂದು ಸಲ ಭುಜ ಕುಣಿಸಿದಳು. ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ.

"ಪಾಲು ಅಂದೆಲ್ಲ. ಪಾಲಿಗೆ ಕೊಟ್ಟಾಳ ಅಂತ ಯಾರು ಹೇಳಿದ್ರು ನಿನಗ? ನಿನ್ನ ಗಂಡನೇನು?"

"ಅವನೇನೂ ಹೇಳ್ಲಿಲ್ಲ. ಹಗ್ಗ ಹೇಳ್ತು."

"ಹಗ್ಗ ಸುಳ್ಳು ಹೇಳೇತಿ ತಂಗಿ. ನಾ ಎಮ್ಮಿ ಮಾರೀನಿ."

ಸುಂಕಲಮ್ಮ ಕೆಳಗೆ ಕೂತಳು. ಕಾಲು ನೋವಿಗೆ ಎನ್ನುವ ಹಾಗೆ ಕೂತಳು.

ಖಾಸೀಂಬಿಯೂ ಎದುರಿಗೆ ಕೂತು, ಹತ್ತಿ ಬಿಡಿಸುತ್ತಲೇ ಹೇಳಿದಳು. ಅವಳ ಗಂಡ ನಿಜಾಮನ ಪರವಾಗಿದ್ದ ರಜಾಕಾರರ ಠಾಣೆಗೆ ಒಂದು ಗಾದಿ ಮಾಡಿಕೊಟ್ಟಿದ್ದ. ಮಾಡುವುದಿಲ್ಲ ಎನ್ನುವ ಹಾಗಿರಲಿಲ್ಲ. ಮಾಡಿದ, ಅವರು ಕೂಲಿಯನ್ನೂ ಕೊಡಲಿಲ್ಲ. ಸೈನ್ಯ ಹೊಳೆ ದಾಟಿದಾಗ ಗಾದಿಯ ಮೇಲೆ ಮಲಗಿದವರು ಓಡಿಹೋದರು. ಮಾಡಿದವನು ಊರಲ್ಲೇ ಇದ್ದ. ಸುತ್ತಲಿನ ಜನ ಬಂದಾಗ ಅವರಿಗೆ ಸಿಕ್ಕಿದ್ದು ಅವನು. ಜೋಳದ ಹೊಲದ ಕಡೆ ಓಡಿದ್ದನ್ನು ಅವಳು ನೋಡಿದ್ದಳು. ತಿರುಗಿ ಬಂದದ್ದನ್ನು ನೋಡಲಿಲ್ಲ.

"ನಾನೂ ಮೂರು ಮಕ್ಕಳನ್ನ ಕರ್ಕೊಂಡು ಅದ ಜ್ವಾಳದಾಗ ಕುಂತೆ. ಎಮ್ಮಿನೂ ಹೊಡ್ಕೊಂಡು ಹೋಗಿದ್ದೆ. ಮಕ್ಕಳು ಅಳಬಾರ್ದು, ಎಮ್ಮಿ ಒದರಬಾರ್ದು. ಮಕ್ಕಳು ಮಾತು ಕೇಳಿದ್ವು. ಆಮ್ಯಾಲ ಹೆದರಿಕಿಗೆ ಎಮ್ಮಿ ಹಾಲು ಇಳಿಸೂದು ಬಿಡ್ತು. ನಿನ್ನ ಗಂಡ ಗಾಡಿ ಆಚಿ ದಂಡಿಗೆ ಬಿಟ್ಟು, ಹರಗೋಲಿನಿಂದ ಸೈನ್ಯದ ಚೀಲ ಇಳಿಸಿ ಹೊತ್ಕೊಂಡು ಹೊಂಟಿದ್ದ. ಒಬ್ಬನ ಇದ್ದ. ನಾ ಎದ್ದು ನಿಂತೆ. ಅಂವಾ ನನಗಿಂತ ಹೆಚ್ಚು ಹೆದರಿದ."

"ಹೆದರ್ತಾನೆ," ಎಂದಳು ಸುಂಕಲಮ್ಮ.

"ಮಕ್ಕಳನ್ನ ನೋಡಿದ. ಚೀಲ ಅಲ್ಲೇ ಇಳಿಸಿ, 'ಇಟ್ಕೋ ತಾಯಿ' ಅಂದ. ಪುಕ್ಕಟೆ ಬ್ಯಾಡ ಅಂದೆ. ನಮ್ಮವರು ಗಾದಿ ಪುಕ್ಕಟೆ ಮಾಡಿಕೊಟ್ಟು ಏನಾತು ಅಂತ ನೋಡಿದ್ನೆಲ್ಲ. ಎಮ್ಮಿ ತಗೋ, ಇವತ್ತಿಲ್ಲಾ ನಾಳೆ ಯಾರರೆ ಒಯ್ತಾರ, ನೀ ಒಯ್ಯಿ ಅಂದೆ. ಅಂವಾ ಒಲ್ಲೆ ಅಂದ. ನಾ ಬಿಡಲಿಲ್ಲ. ಹರಗೋಲಿನ ಪಕ್ಕಕ್ಕ ಈಜಿಸ್ಕೊಂಡು ಹೋದ."

"ಚೀಲದಾಗೆ ಏನಿತ್ತಕ್ಕ?"

"ಅಕ್ಕಿ."

ಸುಂಕಲಮ್ಮ ಮಗನ ಮುಖ ನೋಡಿದಳು. ಓಬಣ್ಣ ಚಪ್ಪರದ ಬಿದಿರು ನೋಡುತ್ತಿದ್ದ. ಆ ಕಾಲದಲ್ಲಿ ಅವರ ಮನೆಯಲ್ಲಿ ಅಕ್ಕಿ ಬೇಯುತ್ತಿದ್ದುದು ಯುಗಾದಿಗೆ, ಅದೂ ಕಡ ತಂದು. ಮಾರಪ್ಪನ ಕೈಯಲ್ಲಿ ಒಂದು ಚೀಲ ಅಕ್ಕಿ ಇದ್ದರೆ ಅದು ಮಾರಪ್ಪನದಾಗಿರಲು ಸಾಧ್ಯವಿರಲಿಲ್ಲ.

"ಅದು ಸರ್ಕಾರದ್ದು," ಎಂದಳು.

"ಹೌದು ಮತ್ತ. ಮ್ಯಾಲ ಮುದ್ರಿ ಇತ್ತು. ಅಕ್ಕಿ ಮುಗಿದಮ್ಯಾಲ ಚೀಲ ಹರಿದು ಸಣ್ಣವನಿಗೆ ಅಂಗಿ ಹೊಲಿದೆ. ಮುದ್ರಿ ಬೆನ್ನಿಗೆ ಬಂತು. ಆ ಅಂಗಿ ಇರೂತನಕ ಯಾರೂ ಅವನನ್ನ ಮುಟ್ಟಲಿಲ್ಲ."

ಸುಂಕಲಮ್ಮನ ತಲೆಯಲ್ಲಿ ಎಲ್ಲವೂ ಒಂದೊಂದಾಗಿ ಸಾಲು ಹಿಡಿಯಿತು. ಲೂಟಿ ಅಲ್ಲ, ಪಾಲೂ ಅಲ್ಲ, ಕೊಂಡದ್ದು. ಕೊಂಡದ್ದು ಎಂದು ಹೇಳಿದರೆ ಏನು ಕೊಟ್ಟು ಕೊಂಡೆ ಎಂದು ಅವಳು ಕೇಳುತ್ತಿದ್ದಳು. ಅದಕ್ಕೇ ಅವನು ಕಾಲು ತೊಳೆಯುತ್ತಿದ್ದ. ಪಾಲು ಎಂದು ಅವಳೇ ಹೇಳಿದಾಗ ಹೂಂ ಎಂದ. ಆ ಒಂದು ಹೂಂಗೆ ಅವಳು ಮೂವತ್ತು ವರ್ಷ ತನ್ನದೇ ಎಮ್ಮೆಗಳಿಗೆ ಕೈಮುಗಿದು ಹುಲ್ಲು ಹಾಕಿದಳು, ಮಗಳಿಗೆ ಒದೆಯುವುದನ್ನು ಕೊಟ್ಟಳು.

"ಮಾರಿದ್ರೆ ಹಗ್ಗ ಯಾಕೆ ಬಿಟ್ಟೆ ಅಕ್ಕಾ? ನಿಮ್ಮ ಕಡೆ ಬಿಚ್ಕಳಲ್ವಾ?"

ಖಾಸೀಂಬಿಯ ಕೈ ಹತ್ತಿಯಲ್ಲಿ ನಿಂತಿತು.

"ಬಿಚ್ಕೋತೀವಿ. ಮರ್ತೆ. ಜ್ವಾಳದಾಗ ಕುಂತಾಗ ನೆನಪಿರಲಿಲ್ಲ. ಹರಗೋಲು ನಡು ಹೊಳಿಗೆ ಹೋದಾಗ ನೆನಪಾತು. ಕೂಗಿದ್ರ ಯಾರರೆ ಕೇಳ್ತಾರ." ಅವಳು ಖಾಲಿ ಚಪ್ಪರದ ಕಡೆ ಗದ್ದ ಎತ್ತಿದಳು. "ಆವತ್ತಿನಿಂದ ನಮ್ಮ ಗೂಟಕ್ಕ ಒಂದು ದನ ನಿಂತಿಲ್ಲ ತಂಗಿ. ಆಕಳು ತಂದೆ, ಸತ್ತಿತು. ಎಮ್ಮಿ ತಂದೆ, ಗೊಡ್ಡು. ಆಡು ತಂದೆ, ತೋಳ ತಿಂತು. ಊರಾಗ ತೋಳಾನ ಇಲ್ಲ. ನಮ್ಮ ಆಡು ತಿನ್ನಾಕ ಎಲ್ಲಿಂದಲೋ ಬಂತು."

ಸುಂಕಲಮ್ಮ ಹಗ್ಗವನ್ನು ಸುರುಳಿ ಸುತ್ತಿ ಅವಳ ಮಡಿಲಿಗೆ ಇಟ್ಟಳು.

"ಇದು ನಿಂದು. ಎಮ್ಮೆನೂ ನಿಂದೇ ಅಂತ ಸಾಕಿದ್ದೆ. ಮೂರೂ ಹೊಡ್ಕೊಂಡು ಹೋಗು."

"ಮಾರಿದ್ದು ಮಾರಿದ್ದು. ಅಕ್ಕಿ ತಿಂದು ಅರಗಿಸ್ಕೊಂಡು ಈಗ ಎಮ್ಮಿ ಕೇಳಾಕ ನನಗೇನು ಹುಚ್ಚೇ? ಹಗ್ಗ ಸಾಕು."

"ಮೂವತ್ತು ವರ್ಷ ನಿಂದೇ ಅಂತ ಸಾಕೀನಕ್ಕ, ನಿಂತ ಕಾಲ ಮ್ಯಾಲೆ ನಂದು ಅನ್ನು ಅಂದ್ರೆ ಹೆಂಗನ್ಲಿ?"

"ಅದು ನಿನ್ನ ಗಂಡನ್ನ ಕೇಳು."

ಕೇಳುವುದಕ್ಕೆ ಇಬ್ಬರಿಗೂ ಗಂಡಂದಿರು ಉಳಿದಿರಲಿಲ್ಲ. ಆಮೇಲೆ ಖಾಸೀಂಬಿ ಎದ್ದು ಚಾ ಮಾಡಿದಳು. ಹಾಲಿಲ್ಲದ ಚಾ.

ವಾಪಸ್ ಬಸ್ಸು ಕೊಟ್ಟೂರು ದಾಟಿದ ಮೇಲೆ ಸುಂಕಲಮ್ಮ ಮಗನನ್ನು ಕೇಳಿದಳು.

"ನಿಮ್ಮಪ್ಪ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?"

"ಹೇಳಿದ್ರೆ ನೀನು ಅಕ್ಕಿ ಸರ್ಕಾರಕ್ಕೆ ಹೊತ್ಕೊಂಡೋಗಿ ಕೊಟ್ಟು ಬಾ ಅಂತಿದ್ದೆ."

ಸುಂಕಲಮ್ಮ ಯೋಚನೆ ಮಾಡಿದಳು. "ಹೂಂ, ಅಂತಿದ್ದೆ," ಎಂದಳು. ಅಲ್ಲಿಂದ ಜಗಳೂರಿನವರೆಗೆ ಒಳ್ಳೆಯ ನಿದ್ದೆ ಮಾಡಿದಳು.

ಮಾರನೆಯ ದಿನ ಹಾಲು ಹಾಕಲು ಹೋದಾಗ ಹೋಟೆಲಿನಲ್ಲಿ ಜನ ಇದ್ದರು. ಅವಳು ಹೊಳೆಯಾಚೆ ಹೋಗಿ ಬಂದ ಸುದ್ದಿ ಅವಳಿಗಿಂತ ಮೊದಲೇ ಅಲ್ಲಿ ಕೂತಿತ್ತು.

"ಏನಂತೆ ಸುಂಕಲಮ್ಮ?" ಎಂದರು ಕೊಟ್ರಬಸಪ್ಪನವರು. "ಲೂಟಿ ಹೌದೋ, ಅಲ್ವೋ?"

"ಹೌದ್ರಿ."

ಕೊಟ್ರಬಸಪ್ಪನವರು ಈ ಉತ್ತರಕ್ಕೆ ತಯಾರಿರಲಿಲ್ಲ. ಚಾ ಸೋಸುವ ಅರಿವೆ ಹಿಡಿದುಕೊಂಡೇ ನಿಂತರು.

"ಸರ್ಕಾರದ ಅಕ್ಕಿ ಲೂಟಿ ಮಾಡಿ ಉಪವಾಸ ಇದ್ದಾಕೆಗೆ ಕೊಟ್ಟಾನೆ. ಎಮ್ಮೆ ಆಕೆ ಮಾರಿದ್ದು. ಸಾಬರ ಮನೇದು ಒಂದು ಕಡ್ಡಿ ಮುಟ್ಟಿಲ್ಲ. ಲೂಟಿ ಅನ್ನಾದಾದ್ರೆ ಸರ್ಕಾರದ್ದು ಅಂತ ಸೇರ್ಸಿ ಅನ್ರಿ."

ಕೊಟ್ರಬಸಪ್ಪನವರ ಹೋಟೆಲಿನ ಸಕ್ಕರೆ ಎಲ್ಲಿಂದ ಬರುತ್ತದೆ ಎಂಬುದು ಬಸ್ ಸ್ಟ್ಯಾಂಡಿಗೆಲ್ಲ ಗೊತ್ತಿತ್ತು. ರೇಷನ್ನಿನ ಚೀಲ ಒಲೆಯ ಹಿಂದೆಯೇ ನಿಂತಿತ್ತು.

"ಸರ್ಕಾರದ್ದಾ?" ಎಂದರು ಅವರು. "ಅದು ಲೂಟಿ ಹೆಂಗಾಗ್ತೈತೆ ಬಿಡವ್ವ."

ಅಂದಿನಿಂದ ಆ ಹೋಟೆಲಿನಲ್ಲಿ ಚಾ ಬರೀ ಚಾ ಆಯಿತು. ನ್ಯಾಮತಿಗೆ ಓಬಣ್ಣನೇ ಹೋಗಿ ಸಂಗತಿ ಹೇಳಿ ಬಂದ. ಬಂಗಾರಮ್ಮ ಎಲ್ಲ ಕೇಳಿ, "ಹಂಗಾದ್ರೆ ಒದೆಯದ ಎಮ್ಮೆಗಳೂ ನಿಮ್ಮವೇ ಆಗಿದ್ವು," ಎಂದಳಂತೆ. ಅದೊಂದು ಮಾತು ಗಿಡ್ಡಮ್ಮನ ಪಾಲಿಗೆ ಉಳಿಯಿತು. ಅದು ನಿಜವಾದ್ದರಿಂದ ಯಾರೂ ಏನೂ ಮಾಡುವ ಹಾಗಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಸುಂಕಲಮ್ಮ ಕೊಟ್ಟಿಗೆಯಿಂದ ಒಂದು ಮಣಕ ಬಿಚ್ಚಿದಳು. ದೊಡ್ಡ ಬೀಬಿಯ ಮಗಳು, ಇನ್ನೂ ಕರು ಹಾಕಿರದ ಸಣ್ಣ ಬೀಬಿ. ಮನೆಯ ಹಗ್ಗ ಹಾಕಿ ಓಬಣ್ಣನ ಕೈಗೆ ಕೊಟ್ಟಳು.

"ನಡೆಸ್ಕೊಂಡು ಹೋಗು. ಆಕೆಗೆ ಮಾರಿ ಬಾ."

"ಪುಕ್ಕಟೆ ಕೊಟ್ರಾಯ್ತಲ್ಲವ್ವ."

"ಪುಕ್ಕಟೆ ಆಕೆ ತಗಳಲ್ಲ. ಪಾಲಿಗೆ ನಾನು ಕೊಡಲ್ಲ, ಪಾಲು ಸಾಕಾಗೈತೆ. ಮಾರು. ಬೆಲೆ ಕೇಳ್ಬ್ಯಾಡ, ಕೊಟ್ಟಿದ್ದು ಇಸ್ಕೋ. ಆಮ್ಯಾಲೆ—"

"ಹಗ್ಗ ಬಿಚ್ಕೊಂಡು ಬರ್ತೀನಿ."

"ಬಿಚ್ಕೊಂಡು ಬಾ. ನಿಮ್ಮಪ್ಪನ ಹಂಗೆ ಮಾಡ್ಬ್ಯಾಡ."

"ಮರ್ತಿದ್ದು ಆಕೆ. ಅಪ್ಪ ಏನು ಮಾಡಿದ?"

"ಆಕೆ ಮರೀತಾಳೆ, ಹೊಟ್ಟೆ ಉರೀತಿತ್ತು. ಇವನಿಗೇನಾಗಿತ್ತು, ಬಿಚ್ಚಿ ಕೊಟ್ಟು ಬರಾಕೆ?"

ಓಬಣ್ಣ ರಜೆ ಹಾಕಿ ಹೊರಟ.

ಅವನು ತಿರುಗಿ ಬಂದಾಗ ಬಸ್ಸಿನ ಮೇಲಿಂದ ಒಂದು ಚೀಲ ಇಳಿಯಿತು. ಹೊಸ ಸೋನಾ ಅಕ್ಕಿ, ಗಂಗಾವತಿ ಕಾಲುವೆ ಗದ್ದೆಯದು. ಖಾಸೀಂಬಿಯ ಸಣ್ಣ ಮಗ, ಆ ಮುದ್ರೆಯ ಅಂಗಿ ಹಾಕಿದವನು, ಈಗ ಅಲ್ಲಿ ಗುತ್ತಿಗೆಗೆ ಗದ್ದೆ ಮಾಡುತ್ತಿದ್ದ. "ಹಳೆ ರೇಟು ಅಂತ ಹೇಳು ನಿಮ್ಮವ್ವಗ," ಎಂದಿದ್ದಳಂತೆ ಖಾಸೀಂಬಿ. ಮಣಕವನ್ನು ಕೆಂಪು ಎಳೆಯ ಹಗ್ಗದಿಂದ ಕಟ್ಟಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳಂತೆ. ಅದು ಕೂಡಲೇ ಅವಳ ಚಪ್ಪರಕ್ಕೆ ಮೈ ತಿಕ್ಕಿ ಒಂದು ಕಂಬ ಬೀಳಿಸಿತಂತೆ. ಅವಳಿಗೆ ಬಹಳ ಸಂತೋಷವಾಯಿತಂತೆ.

ಸುಂಕಲಮ್ಮ ಇದನ್ನೆಲ್ಲ ಆಮೇಲೆ ಕೇಳಿದಳು. ಮೊದಲು ಕೈ ಚಾಚಿದಳು. ಓಬಣ್ಣ ಹೆಗಲಿನಿಂದ ಹಗ್ಗ ತೆಗೆದು ಕೊಟ್ಟ. ಎರಡು ತುದಿಯನ್ನೂ ಬೆರಳಿನಿಂದ ಮುಟ್ಟಿ ನೋಡಿ, ಅಟ್ಟದಲ್ಲಿ ಹಳೆಯದು ಇದ್ದ ಮೊಳೆಗೇ ಅದನ್ನು ನೇತುಹಾಕಿದಳು.

ಆ ಅಕ್ಕಿಯನ್ನು ಮಾರಪ್ಪನ ವರ್ಷದ ಎಡೆಯವರೆಗೆ ಅವಳು ಮುಟ್ಟಲು ಬಿಡಲಿಲ್ಲ. ಆ ದಿನ ಅನ್ನ ಮಾಡಿ, ಮೇಲೆ ದೊಡ್ಡ ಬೀಬಿಯ ಗಟ್ಟಿ ಮೊಸರು ಹಾಕಿ, ಮಾರಪ್ಪನ ಹೆಸರಿನ ಎಲೆಗೆ ಬಡಿಸಿದಳು.

"ತಿನ್ನು," ಎಂದಳು. "ಇದು ಕೊಂಡಿದ್ದು."

ಸೊಸೆ ಅಂತರಘಟ್ಟಮ್ಮ ಕಾಲು ತೊಳೆಯುವ ನೀರಿನ ತಂಬಿಗೆಯನ್ನು ತಂದು ಎಲೆಯ ಪಕ್ಕ ಇಟ್ಟಳು. ಸುಂಕಲಮ್ಮ ಅದನ್ನು ಎತ್ತಿ ಆಚೆಗೆ ಇಟ್ಟಳು.